ಲೇಯರ್ ಇಲ್ಲದ ಕಟ್ಟೆ

ಕೃಷ್ಣರಾಜಪುರದ ರೈಲು ನಿಲ್ದಾಣದ ಹತ್ತಿರ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಆ ದಿನ ನಾವು ಮೂವರಿದ್ದೆವು. ನಾನು, ನನ್ನ ಅವ್ವ, ಮತ್ತು ಮನೆಯ ನಕ್ಷೆ ಬರೆದುಕೊಡುವ ಎಂಜಿನಿಯರ್ ದಿನೇಶ. ಮೇಜಿನ ಮೇಲೊಂದು ಕಂಪ್ಯೂಟರ್ ಇತ್ತು; ಮಾತು ನಡೆಯುತ್ತಿದ್ದುದು ಅದರದೇ. ನಾವಿನ್ನೂ ಕಟ್ಟದ ಮನೆ ಪರದೆಯ ಮೇಲೆ ಹಸಿರು ಗೆರೆಗಳಲ್ಲಿ ನಿಂತಿತ್ತು. ದಿನೇಶ ಒಂದು ಗುಂಡಿ ಒತ್ತಿದ. ಅಡುಗೆಮನೆ ಹಸಿರಾಗಿಯೇ ಉಳಿಯಿತು. ಬಚ್ಚಲು ಹಸಿರು, ಮೆಟ್ಟಿಲು ಹಸಿರು. ಬೀದಿಯ ಕಡೆಗೆ ಅವ್ವ ಹಟ ಹಿಡಿದು ಬರೆಸಿದ್ದ ಕಟ್ಟೆ ಮಾತ್ರ ರಕ್ತ ಕಾರಿದಂತೆ ಕೆಂಪಾಯಿತು.

"ರಿಜೆಕ್ಟ್ ಅಮ್ಮಾ," ಎಂದ ದಿನೇಶ.

"ಯಾರು ಮಾಡಿದ್ದು?" ಅವ್ವ ಬಾಗಿಲ ಕಡೆ ನೋಡಿದಳು.

"ಸಾಫ್ಟ್‌ವೇರು."

"ಅಂವನ್ನ ಕರಿ. ನಾ ಮಾತಾಡ್ತೀನಿ."

ಊರಿನವರೇ, ಕಟ್ಟೆಯೆಂದರೆ ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ನಮ್ಮ ಇಳಕಲ್ಲಿನ ಕಡೆ ಹೆಣ್ಣು ಕೊಡುವವರು ಮನೆಯ ಒಳಗನ್ನು ಆಮೇಲೆ ನೋಡುತ್ತಾರೆ, ಮೊದಲು ನೋಡುವುದು ಕಟ್ಟೆ. ಅದು ನುಣುಪಾಗಿದ್ದರೆ ಮನೆಗೆ ಜನ ಬರುತ್ತಾರೆಂದು ಅರ್ಥ. ನಾನು ಮಾತು ಕಲಿತದ್ದೂ ಅದರ ಮೇಲೆಯೇ, ಬಾಯಲ್ಲಿ ಹಲ್ಲಿಲ್ಲದ ಮುದುಕರ ಮಧ್ಯೆ. ಇಲ್ಲಿ ಬೆಂಗಳೂರಿನವರು ಅದನ್ನು ಜಗಲಿ ಎನ್ನುತ್ತಾರೆ. ಹೆಸರು ಇಟ್ಟುಕೊಂಡಿದ್ದಾರೆ, ವಸ್ತುವನ್ನು ಕಿತ್ತುಹಾಕಿದ್ದಾರೆ. ಇಲ್ಲಿ ಮನೆಯ ಮುಂದೆ ಇರುವುದು ಗೇಟು, ಗೇಟಿನ ಮೇಲೆ ನಾಯಿಯ ಚಿತ್ರ.

ನಾನು ಶಿವಾಜಿನಗರಕ್ಕೆ ಬಂದದ್ದು ಹೊಲಿಗೆಯ ಕೆಲಸಕ್ಕೆ. ಮಸೀದಿಯ ಹಿಂದಿನ ಗಲ್ಲಿಯಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ಮೊದಲ ಇರುಳು ಹಸಿದು ಕೆಳಗಿಳಿದಾಗ ನಾನು ಕನ್ನಡದಲ್ಲಿ ಕೇಳಿದೆ, ಅಂಗಡಿಯವನು ತಮಿಳಿನಲ್ಲಿ ಉತ್ತರಿಸಿದ, ಪಕ್ಕದಲ್ಲಿದ್ದವನು ದಖನಿಯಲ್ಲಿ ಅದನ್ನು ನನಗೆ ಬಿಡಿಸಿ ಹೇಳಿದ. ದಖನಿಯೆಂದರೆ ನಮ್ಮ ಕಡೆಯ ಸಾಬರ ಮಾತಿನ ಅಕ್ಕನ ಮಗಳು. ರೊಟ್ಟಿ ಕೇಳಿದವನಿಗೆ ಪರೋಟ ಸಿಕ್ಕಿತು. ತಿಂದೆ. ಆಮೇಲೆ ಅವ್ವನನ್ನು ಕರೆತಂದೆ. ಅವಳ ಮೊಣಕಾಲಿಗೆ ಮೂರನೇ ಮಹಡಿ ಬೆಟ್ಟವಾಯಿತು. ಇಳಿದ ದಿನ ಮಾತ್ರ ಕೆಳಗಿನ ಮನೆಯ ಖೈರುನ್‌ಬಿ, "ಆವೋ ಅಮ್ಮಾ, ಬೈಠೋ," ಎಂದು ತನ್ನ ಹೊಸ್ತಿಲಲ್ಲಿ ಅರ್ಧ ಬಿಟ್ಟುಕೊಡುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆಯೂ ಇಬ್ಬರೂ ತಮ್ಮ ಮಕ್ಕಳನ್ನು ಚೆನ್ನಾಗಿ ಬೈದುಕೊಳ್ಳುತ್ತಿದ್ದರು. ಉಳಿದ ದಿನಗಳಲ್ಲಿ ಅವ್ವ ಕಿಟಕಿಯ ಸರಳು ಹಿಡಿದು ನಿಂತಿರುತ್ತಿದ್ದಳು.

ಊರ ಹೊಲ ಮಾರಿ ಇಲ್ಲಿ ಕೃಷ್ಣರಾಜಪುರದಲ್ಲೊಂದು ಸೈಟು ಕೊಳ್ಳೋಣವೆಂದಾಗ ಅವಳು ಒಂದೇ ಮಾತು ಹೇಳಿದಳು: "ಕಟ್ಟಿ ಇದ್ರ ಬರ್ತೀನಿ. ಇಲ್ಲಂದ್ರ ನನ್ನ ಊರಿಗೆ ಕಳಸು." ಹೊಲ ಅವಳದು, ಹಾಗಾಗಿ ಸೈಟೂ ಅವಳ ಹೆಸರಿನಲ್ಲೇ ಆಯಿತು. ಈಗಿನ ಕಾನೂನಿನಲ್ಲಿ ಕಚೇರಿಗೆ ಹೋಗಿ ಕೈಮುಗಿಯುವಂತಿಲ್ಲ, ಎಲ್ಲವೂ ಆನ್‌ಲೈನ್. ಅರ್ಜಿದಾರಳು ಅವ್ವ. ಅರ್ಜಿ ಮುಂದೆ ಹೋಗಬೇಕಾದರೆ ಒಟಿಪಿ ಬರುವುದು ಅವ್ವನ ಫೋನಿಗೆ. ಆ ಫೋನು ಅವಳ ಎಲೆಯಡಿಕೆಯ ಸಂಚಿಯಲ್ಲಿ, ಸಂಚಿ ಅವಳ ಸೊಂಟದಲ್ಲಿ.

"ಸಾರ್, ನೀವಾದ್ರೂ ಹೇಳಿ," ದಿನೇಶ ನನ್ನ ಕಡೆ ತಿರುಗಿದ. "ಮನೆ ಸುತ್ತ ಖಾಲಿ ಜಾಗ ಬಿಡ್ಬೇಕು, ಸೆಟ್‌ಬ್ಯಾಕ್ ಅಂತ. ಅದ್ರಲ್ಲಿ ಏನೂ ಎದ್ದು ನಿಲ್ಬಾರ್ದು. ಮತ್ತೆ ಡ್ರಾಯಿಂಗ್‌ನಲ್ಲಿ ಒಂದೊಂದಕ್ಕೂ ಒಂದೊಂದು ಲೇಯರ್ ಇರತ್ತೆ. ಗೋಡೆಗೊಂದು, ಕಿಟಕಿಗೊಂದು, ಕಾರ್ ಪಾರ್ಕಿಂಗ್‌ಗೊಂದು. ಜಗಲಿಗೆ ಲೇಯರೇ ಇಲ್ಲ."

ನನಗೆ ಅರ್ಥವಾಯಿತು. ಕೋಟಿನಲ್ಲಿ ಮೇಲ್ಬಟ್ಟೆ, ಒಳಗೆ ಕ್ಯಾನ್ವಾಸು, ಅದರೊಳಗೆ ಅಸ್ತರಿ ಇದ್ದಂತೆ. ಆದರೆ ಗಿರಾಕಿ ಜೇಬು ಕೇಳಿದರೆ ಜೇಬಿಗೆ ಪದರವಿಲ್ಲ ಎನ್ನುವ ಟೇಲರನ್ನು ನಾನು ಕಂಡಿಲ್ಲ.

"ಕಾರಿಗೆ ಐತಿ?" ಎಂದಳು ಅವ್ವ.

"ಐತೆ ಅಮ್ಮಾ."

"ನಮಗ ಕಾರ್ ಇಲ್ಲಲ್ಲೋ."

"ಇಲ್ದಿದ್ರೂ ತೋರಿಸ್ಬೇಕು."

"ಇಲ್ಲದ ಕಾರ್ ತೋರಿಸ್ಬೇಕು, ಇರೋ ಮುದಕಿ ತೋರಿಸಬಾರ್ದು. ಭಾಳ ಶ್ಯಾಣ್ಯಾ ಅದಾನ ನಿನ್ನ ಸಾಫ್ಟ್‌ವೇರ."

ದಿನೇಶ ನಕ್ಕು, ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ. "ಒಂದ್ ಕೆಲ್ಸ ಮಾಡಣ. ಡ್ರಾಯಿಂಗಲ್ಲಿ ತೆಗೆದ್ಬಿಡಣ. ಅಪ್ರೂವಲ್ ಬರ್ಲಿ, ಆಮೇಲೆ ಕಟ್ಕೊಳ್ಳಿ. ಈ ಊರಲ್ಲಿ ಎಲ್ರೂ ಹಂಗೇ ಮಾಡದು."

"ಕಟ್ಟೂದನ್ನ ಯಾಕ ಮುಚ್ಚಿಡ್ಲಿ? ಕದ್ದ ಮಾಲೇನು?"

ನಾನೂ ಅವ್ವನ ಕಡೆಗೇ ವಾಲಿದೆ. ಹೊಸಬರು ಮಾಡುವ ತಪ್ಪು ಇದು. ಈ ನಗರದಲ್ಲಿ ಕಾಗದದ ಮೇಲಿನ ಮನೆ ಬೇರೆ, ನೆಲದ ಮೇಲಿನ ಮನೆ ಬೇರೆ. ಎರಡನ್ನೂ ಒಂದೇ ಎಂದುಕೊಂಡವನು ಹಳ್ಳಿಯವನು. ದಿನೇಶ ಮರುವಾರ ಕಟ್ಟೆಯನ್ನು ಹೂದೊಟ್ಟಿಯೆಂದು ಬರೆದು ಕಳಿಸಿದ, ಕೆಂಪು. ಮೆಟ್ಟಿಲೆಂದು ಬರೆದ, ಕೆಂಪು. ಆಮೇಲೆ ಕಟ್ಟೆ ಅಳಿಸಿ ಅವನು ಒಟಿಪಿ ಕೇಳಿದರೆ, ಪ್ರತಿ ಸಲವೂ ಅವ್ವ ಸಂಚಿಯನ್ನು ಮುಷ್ಟಿಯಲ್ಲಿ ಹಿಡಿದು, "ಮೊದಲ ಕಟ್ಟಿ ತೋರ್ಸು, ಆಮ್ಯಾಲ ನಂಬರ್ ಹೇಳ್ತೀನಿ," ಎಂದು ಕೂರುತ್ತಿದ್ದಳು. ಪ್ರತಿ ಸಲವೂ ಒಟಿಪಿಯ ಹೊತ್ತು ಮೀರಿ ಹೋಗುತ್ತಿತ್ತು.

ಸೈಟಿನ ಎದುರು ಮನೆ ಮುನಿರಾಜುವಿನದು. ಆತನ ಅಪ್ಪನ ಕಾಲಕ್ಕೆ ಈ ಬಡಾವಣೆಯೆಲ್ಲ ಅವರ ರಾಗಿ ಹೊಲವಾಗಿತ್ತಂತೆ. ಈಗ ಮೂರು ಮನೆಗಳ ಬಾಡಿಗೆ ಬರುತ್ತದೆ. ಕಾರು ಹತ್ತಿಸಲು ಆತ ಗೇಟಿನ ಮುಂದೆ ಇಳಿಜಾರಾಗಿ ಕಟ್ಟಿಸಿದ ರ‍್ಯಾಂಪು ಅರ್ಧ ಬೀದಿಯನ್ನು ನುಂಗಿ ಮಲಗಿದೆ.

"ಜಗಲೀನಾ? ಕುಡುಕರು ಬಂದು ಬಿದ್ಕೋತಾರೆ ಅಣ್ಣಾ," ಎಂದ ಮುನಿರಾಜು. "ಆ ಕಡೆ ಜನಾನೇ ಹಿಂಗೆ ಬಿಡಿ. ಬೀದೀಲೇ ಸಂಸಾರ."

"ನಿಮ್ಮ ರ‍್ಯಾಂಪು ನಕ್ಷೆಯಲ್ಲಿತ್ತಾ?" ಎಂದೆ.

"ಅದ್ಯಾಕೆ ಇರತ್ತೆ?" ಆತ ನಿಜಕ್ಕೂ ಬೆರಗಾದ.

ಕೊನೆಗೆ ಅವ್ವ ಸೋತಳು. ಖೈರುನ್‌ಬಿಯ ಮನೆಯ ಮೆಟ್ಟಿಲಲ್ಲಿ ಮೊಣಕಾಲು ಹಿಡಿದು ಕೂತವಳು, ಹಲ್ಲು ಕೀಳಿಸಿಕೊಂಡಂತೆ ಒಂದೊಂದೇ ಅಂಕಿ ಹೇಳಿದಳು. ಕಟ್ಟೆಯಿಲ್ಲದ ಮನೆಗೆ ಅನುಮತಿ ಬಂತು, ಪೂರಾ ಹಸಿರು. ಆದರೂ ನಾವು ಮನೆಯ ಜತೆ ಕಟ್ಟೆಯನ್ನೂ ಕಟ್ಟಿದೆವು. ಬೀದಿಯ ಒಂದು ಬೆರಳಗಲವನ್ನೂ ಮುಟ್ಟದೆ, ನಮ್ಮದೇ ನೆಲದಲ್ಲಿ, ಮೇಲೆ ಒಂದೇ ಬಂಡೆ ಹಾಸಿ. ಅವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಮೊದಲ ವಾರದಲ್ಲೇ ತರಕಾರಿಯವಳು ಬುಟ್ಟಿ ಇಳಿಸಿದಳು, ಹಾದುಹೋಗುವ ಡೆಲಿವರಿಯವರು ಕೂತು ನೀರು ಕುಡಿದರು. ಅವ್ವನಿಗೆ ಬೀದಿಯ ಸುದ್ದಿಯೆಲ್ಲ ತಿಳಿಯತೊಡಗಿತು.

ಆಮೇಲೆ ಪಾಲಿಕೆಯಿಂದ ಪರಿಶೀಲನೆಗೆ ಒಬ್ಬಾತ ಬಂದ. ಬಿಸಿಲಿಗೆ ಬೆವರಿದ್ದ. ಸೀದಾ ಬಂದು ಕಟ್ಟೆಯ ಮೇಲೆ ಕೂತ. ಅವ್ವ ತಂಬಿಗೆಯಲ್ಲಿ ನೀರು, ಜತೆಗೆ ಬೆಲ್ಲ ಕೊಟ್ಟಳು. ತಿಂದ, ಕುಡಿದ, ಕೈ ಒರೆಸಿಕೊಂಡ, ಟ್ಯಾಬ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಬರೆದ: ಕಟ್ಟೆ ತೆಗೆಯತಕ್ಕದ್ದು.

"ಸಾರ್, ಎದುರು ಮನೆ ರ‍್ಯಾಂಪು ನೋಡಿ," ಎಂದೆ.

"ಅದು ನನ್ ಸಿಸ್ಟಮ್‌ನಲ್ಲಿ ಇಲ್ಲ. ನಿಮ್ದು ಇದೆ. ನೀವೇ ಮೂರ್ಸಲ ಅಪ್‌ಲೋಡ್ ಮಾಡಿದ್ದೀರಲ್ಲ?" ಎದ್ದು ನಿಂತು ಫೋನು ಹಿಡಿದ. "ಅಮ್ಮಾ, ಸ್ವಲ್ಪ ಏಳಿ. ಫೋಟೋದಲ್ಲಿ ಜನ ಇರ್ಬಾರ್ದು."

ಅವ್ವ ಎದ್ದಳು.

ಕಟ್ಟೆ ಒಡೆಸಿದ ದಿನ ಅವಳು ಉಣ್ಣಲಿಲ್ಲ. "ಟಿಕೀಟ ತಗಸು," ಎಂದಳು. ಎಲ್ಲಿಗೆಂದು ತಗಸಲಿ? ಊರಿನಲ್ಲಿ ನಮ್ಮ ಹೊಲದಲ್ಲಿ ಬೇರೆಯವರ ಜೋಳ ನಿಂತಿದೆ. ಇಲ್ಲಿ ಮನೆಯಿದೆ, ಮನೆಯ ಮುಂದೆ ನಾವು ಕೂರುವಂತಿಲ್ಲ. ಈಗ ಊರಿಗೆ ಬಂದರೆ ನೀವು ನನ್ನನ್ನು "ಬೆಂಗಳೂರಾಂವ" ಎನ್ನುತ್ತೀರಿ. ಇಲ್ಲಿ ನಾನು ಇನ್ನೂ "ಆ ಕಡೆಯವನು". ಎರಡು ಊರುಗಳೂ ಹೇಳುವುದು ಒಂದೇ, ಸ್ವಲ್ಪ ಏಳಪ್ಪಾ ಎಂದು.

ಮರುದಿನ ಸಂಜೆ ಕೆಲಸದಿಂದ ಬಂದರೆ ಅವ್ವ ಇರಲಿಲ್ಲ. ಸಂಚಿಯೂ ಇರಲಿಲ್ಲ. ನಿಲ್ದಾಣಕ್ಕೆ ಹೊರಟಳೆಂದು ಬೀದಿಗೆ ಓಡಿದೆ. ಅವಳು ಎದುರು ಮನೆಯ ರ‍್ಯಾಂಪಿನ ಮೇಲೆ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಪಕ್ಕದಲ್ಲಿ ತರಕಾರಿಯವಳ ಬುಟ್ಟಿ.

ಅಷ್ಟರಲ್ಲಿ ಮುನಿರಾಜುವಿನ ಕಾರು ಬಂತು. ಹಾರ್ನ್ ಹೊಡೆದ. ಅವ್ವ ತಲೆಯೆತ್ತಿದಳು. ಆತ ಇನ್ನೊಮ್ಮೆ ಉದ್ದಕ್ಕೆ ಹೊಡೆದ. ಅವ್ವ ತುಸು ಸರಿದು, ಒಬ್ಬರು ಕೂಡುವಷ್ಟು ಜಾಗವನ್ನು ಸೆರಗಿನಿಂದ ಒರೆಸಿ, "ಬಾರೋ ತಮ್ಮಾ, ಕೂಡು ಬಾ. ಚಾ ಕುಡದ್ಯಾ?" ಎಂದಳು.

ಆತ ಕಾರನ್ನು ಬೀದಿಯಲ್ಲೇ ನಿಲ್ಲಿಸಿ, ಅವಳ ಪಕ್ಕದಿಂದ ದಾಟಿ ಒಳಗೆ ಹೋದ. ಮರುದಿನ ಸಂಜೆಯೂ ಅವ್ವ ಅಲ್ಲೇ ಕೂತಿದ್ದಳು. ಟಿಕೀಟಿನ ಮಾತು ಆಮೇಲೆ ಎತ್ತಲಿಲ್ಲ.