ಅತ್ತಿ ಆರಿಸಿದ ಸೋರೆಬುರುಡೆ

ಹೈದರಾಬಾದಿನ ಅಂಗಡಿಯವ ಊದಿದ ಗಾಳಿಚೀಲವೊಂದನ್ನು ಬಕೆಟ್ಟಿನ ನೀರಿನಲ್ಲಿ ಅದುಮಿ ಹಿಡಿದು, ಒಂದು ಗುಳ್ಳೆಯೂ ಏಳುವುದಿಲ್ಲ ನೋಡಿ ಎಂದ. ಮಗಳು ತಲೆಯಾಡಿಸಿದಳು. ನಾನು ಆ ನೀರನ್ನೇ ನೋಡುತ್ತ ನಿಂತುಬಿಟ್ಟೆ.

ಮಗಳು ಕಾರವಾರದ ಸಮುದ್ರಕ್ಕೆ ಹೋಗುತ್ತಾಳಂತೆ, ಒಬ್ಬರೇ ಕೂತು ಹುಟ್ಟು ಹಾಕುವ ಕಯಾಕ್ ಎಂಬ ಸಣ್ಣ ದೋಣಿಯಲ್ಲಿ. ದೋಣಿ ಮಗುಚಿದರೆ ಈ ಚೀಲವನ್ನು ಹುಟ್ಟಿನ ತುದಿಗೆ ಸಿಕ್ಕಿಸಿ, ಅದರ ಆಸರೆಯಲ್ಲಿ ತಾನೇ ಮತ್ತೆ ಹತ್ತಿ ಕೂರಬೇಕಂತೆ. ಶಹಾಬಾದಿನ, ನೆಲಕ್ಕೆ ಹಾಸುವ ಪರ್ಸಿಕಲ್ಲುಗಳ ನಡುವೆ ಬೆಳೆದವಳು ನಾನು. ಸಮುದ್ರ ಕಂಡದ್ದು ಕ್ಯಾಲೆಂಡರಿನಲ್ಲಿ. ಬಕೆಟ್ಟಿಗಿಂತ ಹೆಚ್ಚಿನ ನೀರೆಲ್ಲ ನನಗೆ ಅಪಾಯವೇ. ನಗಬೇಡಿ, ಅದಕ್ಕೆ ಕಾರಣವಿದೆ.

ಅತ್ತಿ, ಎಂದರೆ ನನ್ನ ಸೋದರಮಾವನ ಹೆಂಡತಿ, ಚಂದ್ರಂಪಳ್ಳಿಯ ಹತ್ತಿರದ ಊರಿನಲ್ಲಿದ್ದಳು. ಅಲ್ಲಿ ಅಣೆಕಟ್ಟು ಕಟ್ಟಿ ನೀರು ನಿಂತ ಮೇಲೆ ಮಾವನ ಹೊಲ ಆಚೆ ದಂಡೆಯಲ್ಲಿ ಉಳಿಯಿತು. ಬಿತ್ತಲು ಬುಟ್ಟಿಯಂಥ ದುಂಡು ದೋಣಿ ಹರಗೋಲಿನಲ್ಲೇ ಹೋಗಬೇಕು. ಆ ವರ್ಷ ಬಿತ್ತನೆ ಕಾಲದ ಮಿರಗದ ಮಳೆ ಬಿದ್ದಾಗ ಅತ್ತಿ ಅಟ್ಟದಿಂದ, ನೀರಿಗಿಳಿಯುವವರು ತೇಲಲು ಮೈಗೆ ಕಟ್ಟಿಕೊಳ್ಳುವ ಒಣ ಸೋರೆಬುರುಡೆಗಳನ್ನು ಇಳಿಸಿ, ತಟ್ಟಿ ನೋಡಿ, ಹಂಡೆಯ ನೀರಿನಲ್ಲಿ ಅದುಮಿದಳು. ಬಳೆ ಕೊಳ್ಳುವಾಗಲೂ ಅವಳು ಇಷ್ಟು ಆರಿಸಿದ್ದನ್ನು ನಾನು ಕಂಡಿಲ್ಲ.

“ಸಣ್ಣ ಗುಳ್ಳಿ ಎದ್ರೂ ಅದು ಬ್ಯಾಡ,” ಎಂದಳು, ಪಕ್ಕದಲ್ಲಿ ಕೂತಿದ್ದ ನನಗೆ. “ಈಜು ಬರ್ತದಂತ ನಿಮ್ಮ ಮಾವಗ ಭಾಳ ಸೊಕ್ಕು. ನೀರಿಗೇನು ಗೊತ್ತದ?”

ಹಿರಿಯರ ಎದುರು ಸೊಸೆ ಗಂಡನೊಡನೆ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಹತ್ತಿರ ಹೋಗಿ ಮೈಗೆ ಏನಾದರೂ ಕಟ್ಟುವುದಂತೂ ದೂರದ ಮಾತು. ದಂಡೆಯಲ್ಲಿ ಮಾವನ ಅಪ್ಪ, ನನ್ನ ಅಜ್ಜ, ಬೀಡಿ ಸೇದುತ್ತ ಕೂತಿದ್ದ. ಅತ್ತಿ ತಲೆಯ ಮೇಲೆ ಸೆರಗೆಳೆದುಕೊಂಡು, ತಾನು ಆರಿಸಿದ ಎರಡು ಬುರುಡೆಗಳನ್ನು ಹಗ್ಗ ಸಮೇತ ತೊಗರಿಬೀಜದ ಚೀಲದ ಪಕ್ಕದಲ್ಲಿಟ್ಟು ಹಿಂದೆ ಸರಿದಳು.

ಮಾವ ನಕ್ಕ. “ನೋಡಪ್ಪಾ, ಬೀಜದ ಕಾಳಜಿ ಎಷ್ಟದ ಇಕೀಗಿ!” ಎಂದು ಅಜ್ಜನಿಗೆ ಹೇಳಿ, ಬುರುಡೆಗಳನ್ನು ಚೀಲಕ್ಕೆ ಬಿಗಿದ. ಅತ್ತಿ ಒಂದು ಹೆಜ್ಜೆ ಮುಂದಿಟ್ಟು, ಅಜ್ಜನನ್ನು ಕಂಡು ಅಲ್ಲೇ ನಿಂತಳು.

ನಡುನೀರಿನಲ್ಲಿ ಗಾಳಿ ಎದ್ದು ಹರಗೋಲು ಮಗುಚಿತು. ಚೀಲ ಗಾಳಿಯ ದಿಕ್ಕಿಗೆ ತೇಲುತ್ತ ಹೋಯಿತು. ಮಾವ ಹರಗೋಲನ್ನು ನೆಟ್ಟಗೆ ಮಾಡಲು ಹೆಣಗಿ ಹೆಣಗಿ, ಕೊನೆಗೆ ಅದನ್ನು ಬಿಟ್ಟು ಈಜತೊಡಗಿದ. ಅಷ್ಟರಲ್ಲಿ ಅವನ ತೋಳು ಸೋತಿತ್ತು. ಸಂಜೆಗೆ ಬೀಜ ದಂಡೆಗೆ ಬಂತು. ಮಾವ ಬಂದದ್ದು ಮರುದಿನ.

ಬಂದವರೆಲ್ಲ ಹಣೆಬರಹ ಎಂದರು. ಅತ್ತಿ ಒಪ್ಪಲಿಲ್ಲ. “‘ನಿಮ್ಮ ಮೈಗಿ ಕಟ್ಕೋರಿ’ ಅಂತ ಒಂದ್ ಮಾತು. ಅಷ್ಟೇ ಬೇಕಿತ್ತು,” ಎನ್ನುತ್ತಿದ್ದಳು, ಮುಪ್ಪಿನಲ್ಲೂ. ಅಂದಿದ್ದರೆ ಅಜ್ಜ ಏನು ಮಾಡುತ್ತಿದ್ದ? ಹುಬ್ಬು ಗಂಟಿಕ್ಕುತ್ತಿದ್ದ. ಒಂದು ಹುಬ್ಬಿನ ಭಯಕ್ಕೆ ಒಂದು ಜೀವ ಹೋಯಿತಲ್ಲ.

ಅಂಗಡಿಯಲ್ಲಿ ಮಗಳು ಬೇಕಾದಾಗ ಗಾಳಿ ತುಂಬಿಕೊಳ್ಳುವ ಹಗುರಾದ ಸೊಂಟಪಟ್ಟಿಯೊಂದನ್ನು ಆರಿಸಿದ್ದಳು. ನಾನು ಅದನ್ನು ಪಕ್ಕಕ್ಕಿಟ್ಟು, ದಪ್ಪನೆಯ ತೇಲುವ ಜಾಕೆಟ್ಟನ್ನು ಅವಳ ಮೈಗೆ ಹಾಕಿ ಪಟ್ಟಿಗಳನ್ನು ಬಿಗಿಯತೊಡಗಿದೆ. ಗಿರಾಕಿಗಳು ನಮ್ಮತ್ತ ತಿರುಗಿದರು.

“ಅವ್ವಾ, ಮಂದಿ ನೋಡ್ಲಿಕತ್ತಾರ.”

“ನೋಡ್ಲಿ. ಕೈ ಮ್ಯಾಲೆತ್ತು,” ಎಂದೆ, ಅಂಗಡಿಗೆಲ್ಲ ಕೇಳುವಂತೆ.