ಯಂತ್ರದಲ್ಲಿ ಸ್ಟಾಫ್ ನರ್ಸ್ ಆಗಿದ್ದ ತಿಪ್ಪವ್ವ

ತಿಪ್ಪವ್ವನನ್ನು ನಾನು ಮೊದಲು ನೋಡಿದ್ದು ೨೦೨೩ರ ಜೂನ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಎಂಟೂವರೆ ಗಂಟೆಗೆ, ಪುಣೆಯ ಸಾತಾರಾ ರಸ್ತೆಯ ಕಡೆಗಿರುವ ಒಂದು ಆಸ್ಪತ್ರೆಯ ನಾಲ್ಕನೆಯ ಮಹಡಿಯಲ್ಲಿ. ಸಾಮಾನು ಸಾಗಿಸುವ ಲಿಫ್ಟಿನಿಂದ ನಾವು ನಾಲ್ಕು ಜನ ಸೇರಿ ನಮ್ಮ ಕಂಪನಿಯ ಯಂತ್ರವನ್ನು ಹೊರಗೆ ತಳ್ಳುತ್ತಿದ್ದೆವು. ವಾರ್ಡಿನ ಬಾಗಿಲ ಪಕ್ಕದಲ್ಲಿ, ಕಿಟಕಿಯ ಬೆಳಕಿಗೆ ಮುಖ ಮಾಡಿ, ಸ್ಟೂಲಿನ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳು. ಐವತ್ತೈದರ ಆಸುಪಾಸು. ತಿಳಿನೀಲಿ ಸೀರೆ, ಅದರ ಮೇಲೆ ಕಂದು ಏಪ್ರನ್. ತೊಡೆಯ ಮೇಲೆ ಗಾಯಕ್ಕೆ ಕಟ್ಟುವ ಬಿಳಿ ಗಾಜ್ ಬಟ್ಟೆಯ ಉದ್ದನೆಯ ಸುರುಳಿ. ಅದನ್ನು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಅಂಗೈಯಿಂದ ಒತ್ತಿ, ಎಡಗಡೆಯ ಸ್ಟೀಲ್ ಡಬ್ಬಿಗೆ ಹಾಕುತ್ತಿದ್ದಳು. ಕೈಯ ಕಡೆ ನೋಡುತ್ತಲೇ ಇರಲಿಲ್ಲ, ನಮ್ಮನ್ನೇ ನೋಡುತ್ತಿದ್ದಳು.

ಬಾಗಿಲ ಹೊಸ್ತಿಲಲ್ಲಿ ಯಂತ್ರದ ಚಕ್ರ ಜಾರಿ ನನ್ನ ಕಾಲ್ಬೆರಳ ಮೇಲೆ ಬಂತು. ನನ್ನ ಬಾಯಿಂದ "ಯವ್ವಾ" ಎಂದು ಬಿತ್ತು.

ಕತ್ತರಿ ನಿಂತಿತು. "ಯಾವೂರೊ ತಮ್ಮಾ ನಿಂದು?" ಎಂದು ಆಕೆ ಕೇಳಿದಳು.

ನನ್ನ ಊರು ಚಡಚಣದ ಹತ್ತಿರದ ಒಂದು ಹಳ್ಳಿ. ನಮ್ಮ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವನು ನಾನೊಬ್ಬನೇ. ಸೋಲಾಪುರದಲ್ಲಿ ಬಿ.ಫಾರ್ಮ್ ಓದಿದ್ದರಿಂದ ಕಂಪನಿಯಲ್ಲಿ ನಾನು ಸೋಲಾಪುರದವನೆಂದೇ ಹೇಳಿಕೊಂಡಿದ್ದೆ. ಯಾರೂ ಹಾಗೆ ಹೇಳೆಂದಿರಲಿಲ್ಲ. ಹಳ್ಳಿಯವನು ಎಂದು ಗೊತ್ತಾದರೆ ಕೆಲಸ ಕಲಿಸದೆ ಸಾಮಾನು ಹೊರಲು ಮಾತ್ರ ಕರೆಯುತ್ತಾರೆ ಎಂದು ನಾನೇ ಅಂದುಕೊಂಡಿದ್ದೆ. ಅಂದು ನನ್ನ ಪಕ್ಕದಲ್ಲೇ ನನ್ನ ಮೇಲಧಿಕಾರಿ ಅವಿನಾಶ್ ಸರ್ ನಿಂತಿದ್ದರು. ನಾನು ಆಕೆಗೆ ಹಿಂದಿಯಲ್ಲಿ, "ಕ್ಯಾ ಬೋಲಾ ಮಾವಶಿ?" ಎಂದೆ. ಪುಣೆಯ ಆಸ್ಪತ್ರೆಗಳಲ್ಲಿ ಆಯಾಗಳನ್ನೆಲ್ಲ ಮಾವಶಿ ಎಂದೇ ಕರೆಯುತ್ತಾರೆ.

ಆಕೆ ನಕ್ಕು, "ಕಾಯ್ ನಾಹಿ", ಏನಿಲ್ಲ, ಎಂದು ಮರಾಠಿಯಲ್ಲಿ ಹೇಳಿ ಮತ್ತೆ ಕತ್ತರಿ ಆಡಿಸಿದಳು.

ಮಧ್ಯಾಹ್ನ ಅವಿನಾಶ್ ಸರ್ ಊಟಕ್ಕೆ ಹೋದ ಮೇಲೆ ನಾನೇ ಹತ್ತಿರ ಹೋಗಿ, "ಅವ್ವಾರ, ನಾನು ಚಡಚಣದ ಕಡಿಯಾಂವ. ದಿಗಂಬರ" ಎಂದೆ.

"ಗೊತ್ತಾತು ಬಿಡೊ. ಕಾಲಿಗೆ ಪೆಟ್ಟು ಬಿದ್ದಾಗ ಯಾರೂ ಹಿಂದ್ಯಾಗ ಅಳಂಗಿಲ್ಲ" ಎಂದಳು. "ನಂದು ಸಿಂದಗಿ. ಗಂಡ ಗೌಂಡಿ ಕೆಲಸಕ್ಕ ಬಂದ, ನಾ ಹಿಂದ ಬಂದ್ನಿ. ಅಂವ ಹ್ವಾದ, ನಾ ಇಲ್ಲೇ ಅದೀನಿ."

ನಮ್ಮ ಯಂತ್ರದ ಬಗ್ಗೆ ಎರಡು ಮಾತು ಹೇಳಬೇಕು. ಅದು ಬೀರುವಿನಷ್ಟು ಎತ್ತರ. ಒಳಗೆ ಚಿಕ್ಕ ಚಿಕ್ಕ ಡ್ರಾಯರುಗಳು. ಔಷಧ, ಸಿರಿಂಜು, ಸಲೈನ್ ನಳಿಗೆ, ರಕ್ತನಾಳಕ್ಕೆ ಚುಚ್ಚುವ ಸೂಜಿಗಳು ಎಲ್ಲ ಅದರಲ್ಲಿರುತ್ತವೆ. ನರ್ಸ್ ತನ್ನ ಬೆರಳಿಟ್ಟು, ಪರದೆಯ ಮೇಲೆ ರೋಗಿಯ ಹೆಸರು ಮುಟ್ಟಿ, ಬೇಕಾದ ವಸ್ತು ಆರಿಸಿದರೆ ಆ ಒಂದು ಡ್ರಾಯರ್ ಮಾತ್ರ ತೆರೆಯುತ್ತದೆ. ಯಾರು ತೆಗೆದರು, ಯಾರಿಗಾಗಿ, ಎಷ್ಟು, ಎಷ್ಟು ಹೊತ್ತಿಗೆ ಎಂಬುದೆಲ್ಲ ದಾಖಲಾಗುತ್ತದೆ. ವಾರ್ಡಿನಲ್ಲಿ ಬೇಕಾದ ವಸ್ತು ಮುಗಿದುಹೋಗಬಾರದು, ಅವಧಿ ಮೀರಿದ್ದು ಉಳಿಯಬಾರದು, ಯಾವುದೂ ಗೊತ್ತಿಲ್ಲದೆ ಹೊರಗೆ ಹೋಗಬಾರದು. ಅದು ಒಳ್ಳೆಯ ಯಂತ್ರವೆಂದೇ ನಾನು ಇಂದಿಗೂ ನಂಬುತ್ತೇನೆ.

ಯಂತ್ರ ಬರುವ ಮೊದಲು ಅದೇ ಜಾಗದಲ್ಲಿ ಒಂದು ಕಬ್ಬಿಣದ ಕಪಾಟು ಇತ್ತು. ಅದರ ಕೀಲಿ ತಿಪ್ಪವ್ವನ ಸೊಂಟದಲ್ಲಿರುತ್ತಿತ್ತು. ಆಕೆಗೆ ಓದು ಬರಹ ಬಾರದು. ಸೂಜಿಗಳನ್ನು ಬಣ್ಣದಿಂದ ಗುರುತಿಸುತ್ತಿದ್ದಳು. ದೊಡ್ಡವರಿಗೆ ಗುಲಾಬಿ, ಸಣಕಲರಿಗೆ ನೀಲಿ, ಕೂಸುಗಳಿಗೆ ಹಳದಿ. ಯಾವುದು ಎಷ್ಟು ಉಳಿದಿದೆ ಎಂದು ಕೇಳಿದರೆ ಕಪಾಟು ತೆರೆಯದೆಯೇ ಹೇಳುತ್ತಿದ್ದಳು. ಗುತ್ತಿಗೆದಾರನ ಕಡೆಯಿಂದ ಬಂದವಳು, ಹತ್ತೊಂಬತ್ತು ವರ್ಷದಿಂದ ಅದೇ ಮಹಡಿ. ಕಪಾಟನ್ನು ಕೆಳಗೆ ಸಾಗಿಸಿದ ದಿನ ಕೀಲಿಯನ್ನು ನನ್ನ ಕೈಗೆ ಕೊಟ್ಟು, "ತಗೊ, ಇನ್ನ ನಿನ್ನ ಸಂಸಾರ" ಎಂದಳು.

ವಾರ್ಡಿನಲ್ಲಿ ನರ್ಸುಗಳು, ವೈದ್ಯರು ಎಲ್ಲ ಸೇರಿ ಮೂವತ್ತು ಜನರ ಬೆರಳುಗಳನ್ನು ನೋಂದಾಯಿಸಬೇಕೆಂದು ನನಗೆ ಆ ಶುಕ್ರವಾರದ ಗಡುವು ಇತ್ತು. ನರ್ಸುಗಳ ಬೆರಳುಗಳು ದಿನವಿಡೀ ಸ್ಯಾನಿಟೈಸರ್ ಹಚ್ಚಿ ಸವೆದಿರುತ್ತವೆ. ಯಂತ್ರ ಒಮ್ಮೆ ಗುರುತಿಸಿದರೆ ಎರಡು ಸಲ ಇಲ್ಲವೆನ್ನುತ್ತಿತ್ತು. ಶುಕ್ರವಾರ ಸಂಜೆಗೆ ಇಪ್ಪತ್ತೊಂಬತ್ತು ಆಗಿದ್ದವು. ಎದುರಿಗೆ ತಿಪ್ಪವ್ವ ಗಾಜ್ ಮಡಚುತ್ತಿದ್ದಳು. ನಾನು ಆಕೆಯನ್ನು ಕರೆದೆ.

"ನಂದ್ಯಾಕಪ್ಪ? ನಾ ಏನ್ ಸೂಜಿ ಹಾಕಾಕಿ ಏನು?"

"ಒಂದು ಕಡಿಮಿ ಬಿದ್ದದ್ರಿ ಅವ್ವಾ. ಆಮ್ಯಾಲೆ ತಗದ ಬಿಡ್ತೀನಿ."

"ಮುಂದ ಏನರ ಹೆಚ್ಚು ಕಡಿಮಿ ಆದ್ರ ನನ್ನ ಮ್ಯಾಲ ಬರತದನು?"

"ಏನೂ ಆಗಂಗಿಲ್ರಿ. ನಾ ಅದೀನಲ್ಲ."

ಒಂದೇ ಸಲಕ್ಕೆ ಯಂತ್ರ ಆಕೆಯ ತೋರುಬೆರಳನ್ನು ಒಪ್ಪಿತು. ಹುದ್ದೆ ಕೇಳಿತು. ಪಟ್ಟಿಯಲ್ಲಿ ವೈದ್ಯ, ಸ್ಟಾಫ್ ನರ್ಸ್, ಫಾರ್ಮಸಿಸ್ಟ್ ಎಂದು ಮೂರೇ ಇದ್ದವು. ಮಾವಶಿ ಎಂಬುದು ಇರಲಿಲ್ಲ. ನಾನು ಸ್ಟಾಫ್ ನರ್ಸ್ ಎಂದು ಆರಿಸಿದೆ. ಆಮೇಲೆ ಅದನ್ನು ತೆಗೆಯಲಿಲ್ಲ.

ವಾರದೊಳಗೆ ನರ್ಸುಗಳಿಗೆ ವಿಷಯ ತಿಳಿಯಿತು. ತಮ್ಮ ಬೆರಳು ಹಿಡಿಯದಿದ್ದರೆ, ಕೈಗವಸು ಹಾಕಿಕೊಂಡಿದ್ದರೆ, ಅವಸರವಿದ್ದರೆ, "ಮಾವಶೀ, ಬೋಟ ದ್ಯಾ" ಎಂದು ಕೂಗುವರು. ಬೆರಳು ಕೊಡಿ ಎಂದು. ಆಕೆ ನೆಲ ಒರೆಸುವುದನ್ನು ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಬೆರಳಿಟ್ಟು ಹೋಗುವಳು. "ಬೋಟ ಮಾಝ, ಪಗಾರ ತುಮಚಾ" ಎಂದು ಚುಚ್ಚುವಳು. ಬೆರಳು ನನ್ನದು, ಸಂಬಳ ನಿಮ್ಮದು. ವಾರ್ಡ್ ಮುಖ್ಯಸ್ಥೆ ರೇಣು ಸಿಸ್ಟರ್ ಕೂಡ ನಗುತ್ತಿದ್ದರು. ನಾನು ವಾರಕ್ಕೆರಡು ದಿನ ಅಲ್ಲಿರುತ್ತಿದ್ದೆ, ನನ್ನ ಕಣ್ಣೆದುರೇ ಇದು ನಡೆಯುತ್ತಿತ್ತು. ಇದು ತಪ್ಪೆಂದು ನನಗೆ ಕಲಿಸಿದ್ದರು, ನಾನೇ ಅವರಿಗೆ ಕಲಿಸಿದ್ದೆ. ಆದರೆ ಯಂತ್ರದ ಬಳಕೆ ಚೆನ್ನಾಗಿದೆ ಎಂದು ಅವಿನಾಶ್ ಸರ್ ನನ್ನನ್ನು ಹೊಗಳುತ್ತಿದ್ದರು. ನಾನು ತಡೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಮೂರು ತಿಂಗಳ ತಾಳೆ ನೋಡುವ ಕೆಲಸ ನನಗೆ ಬಂತು. ಯಂತ್ರದಿಂದ ತೆಗೆದದ್ದು ಒಂದು ಕಡೆ, ರೋಗಿಗಳಿಗೆ ಬಳಸಿದ್ದು ಇನ್ನೊಂದು ಕಡೆ. ಮುನ್ನೂರ ಹನ್ನೆರಡು ವಸ್ತುಗಳ ಲೆಕ್ಕ ಸಿಗಲಿಲ್ಲ. ಅದರಲ್ಲಿ ನೂರ ಎಂಬತ್ತೆಂಟು ಒಂದೇ ಹೆಸರಿನಲ್ಲಿದ್ದವು. ತಿಪ್ಪವ್ವ, ಸ್ಟಾಫ್ ನರ್ಸ್. ವರದಿಯ ನಕ್ಷೆಯಲ್ಲಿ ಎಲ್ಲರ ಗೆರೆಗಳೂ ಚಿಕ್ಕವು, ಆಕೆಯದು ಮಾತ್ರ ಉದ್ದ, ಅದೂ ಕೆಂಪು. ಅದು ನಾನು ಒಬ್ಬನೇ ತಯಾರಿಸಿದ ಮೊದಲ ವರದಿ. ಆ ನಕ್ಷೆ ಚೆನ್ನಾಗಿ ಕಾಣುತ್ತಿದೆ ಎಂದು ನನಗೆ ಸಂತೋಷವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ. ಆ ಗೆರೆ ಆಕೆಯನ್ನು ಕಳ್ಳಿಯೆಂದು ತೋರಿಸುತ್ತದೆ ಎಂದು ಆಮೇಲೆ ಹೊಳೆಯಿತು. ಸಭೆಯಲ್ಲಿ ಬಾಯಿಮಾತಿನಲ್ಲಿ ವಿವರಿಸಿದರಾಯಿತು ಎಂದುಕೊಂಡು ವರದಿಯನ್ನು ಹಾಗೆಯೇ ಕಳುಹಿಸಿದೆ.

ಸಭೆಯಲ್ಲಿ ಆಸ್ಪತ್ರೆಯ ಆಡಳಿತಾಧಿಕಾರಿ, ರೇಣು ಸಿಸ್ಟರ್, ಅವಿನಾಶ್ ಸರ್ ಮತ್ತು ನಾನು ಇದ್ದೆವು. ಅಧಿಕಾರಿ ಕೆಂಪು ಗೆರೆಯ ಮೇಲೆ ಪೆನ್ನಿಟ್ಟು, ಆಯಾಗೆ ನರ್ಸಿನ ಅಧಿಕಾರ ಕೊಟ್ಟವರು ಯಾರು ಎಂದು ಮರಾಠಿಯಲ್ಲಿ ಕೇಳಿದರು. ನೋಂದಣಿ ಮಾಡಿದ್ದು ಕಂಪನಿಯವರೆಲ್ಲ ಬಳಸುವ ಒಂದೇ ಖಾತೆಯಿಂದ. ಅದರಲ್ಲಿ ನನ್ನ ಹೆಸರಿರಲಿಲ್ಲ. ಅವಿನಾಶ್ ಸರ್ ನನ್ನ ಕಡೆ ನೋಡಿದರು. "ಚೆಕ್ ಕರಾವ ಲಾಗೇಲ ಸರ್" ಎಂದೆ. ನೋಡಬೇಕಾಗುತ್ತದೆ ಎಂದು. ರೇಣು ಸಿಸ್ಟರ್ ಬಾಯಿ ಬಿಡಲಿಲ್ಲ. ಬೇರೆಯವರ ಬೆರಳು ಬಳಸುವುದು ಶಿಕ್ಷೆಗೆ ಗುರಿಯಾಗುವ ತಪ್ಪು, ಅವರ ಕೈಕೆಳಗೆ ಹದಿನೆಂಟು ನರ್ಸುಗಳಿದ್ದರು.

ತಿಪ್ಪವ್ವನನ್ನು ಕರೆಸಿದರು. ಆಕೆ ಒದ್ದೆ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಳು. ಇಷ್ಟು ಸಾಮಾನು ಎಲ್ಲಿ ಹೋಯಿತು ಎಂದು ಅಧಿಕಾರಿ ಕೇಳಿದರು. ಸಿಸ್ಟರುಗಳು ಕರೆದಾಗ ಬೆರಳು ಕೊಟ್ಟಿದ್ದೇನೆ, ಸಾಮಾನು ಮುಟ್ಟಿಲ್ಲ ಎಂದು ಆಕೆ ಮರಾಠಿಯಲ್ಲಿ ಹೇಳಿದಳು. ಯಾರೂ ಹೌದೆನ್ನಲಿಲ್ಲ. ಆಗ ಆಕೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು.

"ದಿಗಂಬರಾ, ನೀನರ ಹೇಳೊ ಇವರಿಗೆ."

"ಕಾಯ್ ಮ್ಹಣತೇ ತೀ?" ಎಂದು ಅಧಿಕಾರಿ ನನ್ನನ್ನು ಕೇಳಿದರು. ಏನನ್ನುತ್ತಾಳೆ ಇವಳು?

"ಮಲಾ ಸಮಜಲ ನಾಹಿ ಸರ್" ಎಂದೆ. ನನಗೆ ತಿಳಿಯಲಿಲ್ಲ.

ಮರುದಿನದಿಂದ ಬರಬೇಡವೆಂದು ಗುತ್ತಿಗೆದಾರ ಆಕೆಗೆ ಹೇಳಿದ. ಪೊಲೀಸರ ತನಕ ಹೋಗದಿದ್ದುದೇ ಉಪಕಾರ ಎಂದೂ ಹೇಳಿದನಂತೆ.

ಮೂರು ವಾರದ ನಂತರ ಯಂತ್ರದ ಹಿಂದಿನ ತಂತಿ ಸರಿಮಾಡಲು ಹೋದಾಗ ಪಕ್ಕದ ಹಾಸಿಗೆಬಟ್ಟೆಯ ಕಪಾಟನ್ನು ಸರಿಸಬೇಕಾಯಿತು. ರಬ್ಬರ್ ಶೀಟುಗಳ ಹಿಂದೆ ಐಸ್‌ಕ್ರೀಮಿನ ಎರಡು ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳಿದ್ದವು. ಅವುಗಳ ತುಂಬ ಗುಲಾಬಿ, ನೀಲಿ, ಹಳದಿ ಸೂಜಿಗಳು, ಸಲೈನ್ ನಳಿಗೆಗಳು. ತುರ್ತು ಟ್ರಾಲಿಗಳ ಕೆಳಗಿನ ಖಾನೆಗಳಲ್ಲಿ ಇನ್ನಷ್ಟು. ನರ್ಸುಗಳು ಒಂದು ಬೇಕಾದಾಗ ಎರಡು ತೆಗೆದು ಆಪತ್ತಿಗೆಂದು ಬಚ್ಚಿಟ್ಟದ್ದು ಅದು. ರೇಣು ಸಿಸ್ಟರ್ ನನ್ನ ಮುಖ ನೋಡದೆ, "ಮಶೀನ್ ಅಡಕತ, ಪೇಶಂಟ್ ಥಾಂಬತ ನಾಹಿ" ಎಂದರು. ಯಂತ್ರ ಸಿಕ್ಕಿಕೊಳ್ಳುತ್ತದೆ, ರೋಗಿ ಕಾಯುವುದಿಲ್ಲ. ಅದು ಸುಳ್ಳಲ್ಲ. ಎಣಿಸಿದೆ. ಮುನ್ನೂರ ಎರಡು ಸಿಕ್ಕವು. ಉಳಿದ ಹತ್ತು ಬರೆಯದೆ ಬಳಕೆಯಾಗಿರಬೇಕು.

"ವ್ಯತ್ಯಾಸ ಸರಿಹೋಗಿದೆ" ಎಂದು ನಾಲ್ಕು ಸಾಲಿನ ಇ-ಮೇಲ್ ಕಳುಹಿಸಿದೆ. ಅದರಲ್ಲಿ ಆಕೆಯ ಹೆಸರು ಬರೆಯಲಿಲ್ಲ. ಯಾರೂ ಕೇಳಲಿಲ್ಲ.

ಆ ಭಾನುವಾರ ರೇಣು ಸಿಸ್ಟರ್ ಕೊಟ್ಟ ವಿಳಾಸ ಹಿಡಿದು ಸ್ವಾರಗೇಟ ನಿಲ್ದಾಣದಿಂದ ಬಸ್ಸು ಹತ್ತಿ ಬಿಬವೇವಾಡಿಯ ಗುಡ್ಡಕ್ಕೆ ಹೋದೆ. ತಿಪ್ಪವ್ವ ಬಾಗಿಲಲ್ಲೇ ಕುಳಿತು ಮೆಂತೆ ಸೋಸುತ್ತಿದ್ದಳು. ಬಾ ಎಂದಳು, ಚಹಾ ಇಟ್ಟಳು. ಸಾಮಾನು ಸಿಕ್ಕಿತೆಂದು ಹೇಳಿದೆ. ಸಭೆಯಲ್ಲಿ ಹಾಗಂದದ್ದು ತಪ್ಪಾಯಿತು ಎಂದು ಹೇಳಲು ಹೊರಟು ತಡವರಿಸಿದೆ.

"ತಿಳಿಲಿಲ್ಲ ಅಂದ್ಯಲ್ಲ, ಅದು ನನಗ ತಿಳೀತಪ್ಪ" ಎಂದಳು. "ಈ ಊರಾಗ ಇಷ್ಟ ವರ್ಷ ಮರಾಠಿ ಕೇಳೀನಿ."

ನಾನು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡೆ.

"ಅಳಬ್ಯಾಡ. ಅತ್ರ ನನಗೇನು ಸಿಗತದ? ಎರಡು ದವಾಖಾನಿಗೆ ಹೋಗಿದ್ನಿ. ಹಿಂದಿಂದು ಯಾಕ ಬಿಟ್ಟಿ ಅಂತಾರ. ಫೋನ್ ಹಚ್ಚಿ ಕೇಳ್ತಾರ. ಇಕಿ ಸಾಮಾನು ಕದ್ದಾಕಿ ಅಂತ ಅಲ್ಲಿಂದ ಹೇಳ್ತಾರ. ನನಗ ಒಂದು ಕಾಗದ ಬೇಕು. ತಿಪ್ಪವ್ವ ಕದ್ದಿಲ್ಲ ಅಂತ ಬರದಿರಬೇಕು."

ಕಾಗದ ತಂದುಕೊಡುತ್ತೇನೆ ಎಂದೆ. ಅವಿನಾಶ್ ಸರ್‌ಗೆ ಕೇಳಿದಾಗ, ಕಂಪನಿಗೆ ತೊಂದರೆಯಾಗದಂತೆ ಬರೆ ಎಂದರು. "ಪರಿಶೀಲನೆಯ ನಂತರ ಯಾವುದೇ ನಷ್ಟ ಕಂಡುಬಂದಿಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದು, ಕಂಪನಿಯ ಮುದ್ರೆ ಒತ್ತಿ, ಮುಂದಿನ ಭಾನುವಾರ ಒಯ್ದೆ. ಆಕೆಯ ಮೊಮ್ಮಗಳು ನಿಖಿತಾ ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ಅವಳು ಕಾಗದವನ್ನು ಎರಡು ಸಲ ಓದಿದಳು.

"ಅಜ್ಜಿ, ಇದರಾಗ ನಿನ್ನ ಹೆಸರ ಇಲ್ಲ" ಎಂದಳು. ನನ್ನ ಕಡೆ ತಿರುಗಿ, "ಇವರ ಹೆಸರೂ ಇಲ್ಲ" ಎಂದಳು.

ತಿಪ್ಪವ್ವ ಕಾಗದವನ್ನು ಮಡಚಿ ನನಗೇ ಹಿಂದಕ್ಕೆ ಕೊಟ್ಟಳು. "ಓದಾಕ ಬರಂಗಿಲ್ಲ ಅಂತ ಇದನ್ನ ತಂದ್ಯಾ?"

ಅಷ್ಟೇ ಕೇಳಿದಳು. ಇಳಿಜಾರಿನಲ್ಲಿ ಬಸ್ ನಿಲ್ದಾಣದವರೆಗೆ ನಡೆದು ಬಂದದ್ದು ನನಗೆ ನೆನಪಿಲ್ಲ. ನನ್ನ ತಾಯಿಗೂ ಓದಲು ಬರುವುದಿಲ್ಲ. ಯಾರ್ಯಾರೋ ತೋರಿಸಿದ ಕಡೆ ಅವಳು ಹೆಬ್ಬೆಟ್ಟು ಒತ್ತಿದ್ದನ್ನು ನೋಡಿ ಸಿಟ್ಟು ಬಂದೇ ನಾನು ಓದಿದ್ದು. ಇಷ್ಟು ಓದಿ ನಾನೇ ಅಂಥ ಕಾಗದ ಬರೆದಿದ್ದೆ.

ಎರಡನೆಯ ಪತ್ರವನ್ನು ಮರಾಠಿಯಲ್ಲಿ ಬರೆದೆ, ಆಡಳಿತಾಧಿಕಾರಿಗೆ, ನನ್ನ ಸಹಿಯೊಂದಿಗೆ. ತಿಪ್ಪವ್ವನ ಬೆರಳನ್ನು ನೋಂದಾಯಿಸಿದವನು ನಾನು. ನರ್ಸ್ ಎಂದು ತುಂಬಿದವನು ನಾನು. ಬೇರೆಯವರು ಆಕೆಯ ಬೆರಳು ಬಳಸುವುದನ್ನು ನೋಡಿಯೂ ತಡೆಯಲಿಲ್ಲ. ಸಭೆಯಲ್ಲಿ ಆಕೆ ಹೇಳಿದ್ದು ನನಗೆ ಅರ್ಥವಾಗಿತ್ತು. ಕಾಣೆಯಾದ ಸಾಮಾನು ವಾರ್ಡಿನಲ್ಲೇ ಸಿಕ್ಕಿದೆ. ಇಷ್ಟನ್ನೂ ಬರೆದು, ಕಳುಹಿಸಿದ ಮೇಲೆ ಅವಿನಾಶ್ ಸರ್‌ಗೆ ತಿಳಿಸಿದೆ. ಅವರು, "ಮೊದಲೇ ಹೇಳಿದ್ದರೆ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು" ಎಂದರು. ಆಸ್ಪತ್ರೆಯ ಕೆಲಸದಿಂದ ನನ್ನನ್ನು ತೆಗೆದು ರಾಂಜಣಗಾಂವದ ಗೋದಾಮಿಗೆ ಹಾಕಿದರು. ಈಗ ಯಂತ್ರಗಳನ್ನು ಹೊರಗೆ ಕಳುಹಿಸುವ ಮುನ್ನ ಪರೀಕ್ಷಿಸುವುದು ನನ್ನ ಕೆಲಸ. ಶಿಕ್ಷೆ ಕಡಿಮೆಯಾಯಿತು ಎಂದೇ ಅನ್ನಿಸುತ್ತದೆ.

ಆಸ್ಪತ್ರೆ ಆಕೆಗೆ ಕಾಗದ ಕೊಟ್ಟಿತು. ತಿಪ್ಪವ್ವ ಯಾವ ಕಳವನ್ನೂ ಮಾಡಿಲ್ಲ ಎಂದು ಅದರಲ್ಲಿ ಬರೆದಿತ್ತು. ಕೆಲಸಕ್ಕೆ ವಾಪಸು ಬಾ ಎಂದೂ ಗುತ್ತಿಗೆದಾರ ಹೇಳಿ ಕಳುಹಿಸಿದ. ಆಕೆ ಹೋಗಲಿಲ್ಲ. "ಅದೇ ಸಿಸ್ಟರ್‌ಗೋಳ ಮುಖ ನೋಡಿ ಹ್ಯಾಂಗ ನಗಲಿ?" ಎಂದಳಂತೆ. ಇದನ್ನು ನನಗೆ ಫೋನಿನಲ್ಲಿ ಹೇಳಿದ್ದು ನಿಖಿತಾ. ತಿಪ್ಪವ್ವ ನನ್ನೊಡನೆ ಮತ್ತೆ ಮಾತಾಡಿಲ್ಲ, ನಾನೂ ಒತ್ತಾಯಿಸಿಲ್ಲ.

ಆಕೆ ಈಗ ಧನಕವಡಿಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಬಾಣಂತಿಯರಿಗೆ ನೀರು ಹಾಕುತ್ತಾಳೆ, ಕೂಸುಗಳ ಬಟ್ಟೆ ಒಗೆದು ಒಣಗಿಸುತ್ತಾಳೆ.