ಎಸ್ತೇರಬಾಯಿಯ ಬೋರಲು ತಾಟು

ಎಸ್ತೇರಬಾಯಿ ಊಟಕ್ಕೆ ಕರೆಯುವ ಮೊದಲೇ ತಾಟು ಹಾಕುತ್ತಿದ್ದರು. ಕ್ರಿಸ್‌ಮಸ್ಸಿನ ಮುಂಜಾನೆ ಪ್ರಾರ್ಥನೆ ಮುಗಿಸಿ ಬಂದವರೇ, ಸಿಂದಗಿಯ ತಮ್ಮ ಎರಡು ಖೋಲಿಯ ಮನೆಯಲ್ಲಿ ಚಾಪೆ ಹಾಸಿ, ಸ್ಟೀಲಿನ ತಾಟುಗಳನ್ನು ಒರೆಸಿ ಸಾಲಾಗಿ ಬೋರಲು ಇಡುವರು. ಹನ್ನೊಂದು ತಾಟು ಹಿಡಿಸಿದರೆ ಹನ್ನೊಂದೇ ಮಂದಿಗೆ ಕರೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಣಿಗೆ ಇಳಿಯುವರು. ಹನ್ನೆರಡನೆಯವರು ನಮ್ಮ ಪಾಸ್ಟರ್ ಆಗಿದ್ದರೂ ಅದೇ ಮಾತು: "ನೀವು ನಾಳಿಗೆ ಬರ್ರಿ, ಇವತ್ತ ಜಾಗಾ ಇಲ್ಲ."

ಒಮ್ಮೆ ನಾನು ನಕ್ಕೆ. "ಇನ್ನೊಂದು ತಾಟು ಎಲ್ಲ್ಯಾರ ಹಿಡಸ್ತೈತಿ, ಎಸ್ತೇರವ್ವ. ಇಷ್ಟ್ಯಾಕ ಹಟ?"

ಆಕೆ ಹೇಳಿದ ಸಂಗತಿ ಕೇಳಿ ನನ್ನ ನಗೆ ಅಲ್ಲಿಗೇ ನಿಂತಿತು. ಮುದ್ದೇಬಿಹಾಳದ ಕಡೆ ಹೊಸದಾಗಿ ನರ್ಸ್ ಆಗಿದ್ದಾಗ ಒಂದು ದೊಡ್ಡ ಮನೆಯ ಹೆರಿಗೆ ಮಾಡಿದ್ದರಂತೆ. ಎರಡು ದಿನದ ಕಷ್ಟದ ಹೆರಿಗೆ, ತಾಯಿ ಮಗು ಇಬ್ಬರೂ ಉಳಿದರು. ಹೆಸರಿಡುವ ದಿನ ಆಳನ್ನು ಕಳಿಸಿ ಕರೆಸಿದರು. ಇವರು ಇದ್ದ ಒಂದೇ ಒಳ್ಳೆ ಸೀರೆ ಉಟ್ಟು ಹೋದರು. ಇವರ ಜಾತಿ ಯಾವುದೆಂದು ಆ ಮನೆಯವರಿಗೆ ಗೊತ್ತಿತ್ತು. ಒಳಗೆ ಬಿಡದೆ ಬಾಗಿಲ ಹೊರಗೆ, ದನದ ಕೊಟ್ಟಿಗೆಯ ಹತ್ತಿರ ನಿಲ್ಲಿಸಿದರು. ಎಲ್ಲರ ಊಟ ಮುಗಿದು ಕೈ ತೊಳೆದ ನೀರು ಕಾಲಬುಡಕ್ಕೆ ಹರಿದು ಬಂದರೂ ಇವರಿಗೆ ತಾಟು ಬರಲಿಲ್ಲ.

"ಕರೀಲಿಲ್ಲಂದ್ರ ಬ್ಯಾಸರಿಲ್ಲ, ರೂತಿ," ಎಂದರು. "ಕರದು ಬಾಗಲದಾಗ ನಿಂದ್ರಿಸಿದ್ರಲಾ, ಅದು ಸಾಯೂತನಕ ಹೋಗೂದಿಲ್ಲ."

ಆಕೆಯ ಮಾತು ಮಾತ್ರ ಬಲು ಬಿರುಸು. ಆಲಮೇಲ, ಮೋರಟಗಿ, ದೇವರ ಹಿಪ್ಪರಗಿ ಎಂದು ಬಸ್ಸು ಹತ್ತಿ ತಿರುಗಿ ಆಕೆ ಮಾಡಿಸಿದ ಹೆರಿಗೆಗಳನ್ನು ಲೆಕ್ಕ ಇಟ್ಟವರಿಲ್ಲ. ಕೂಗಾಡುವ ಗಂಡಂದಿರಿಗೆ "ಏ, ನೀ ಹಡಿಯಾಕತ್ತೀಯೇನ? ಹೋಗಿ ಬಿಸಿನೀರ ತಾ" ಎನ್ನುವರು. ಆದರೆ ಬಸುರಿಯ ಹೊಟ್ಟೆಯ ಮೇಲೆ ಕೈ ಇಟ್ಟರೆ ದನಿಯೇ ಬೇರೆಯಾಗುತ್ತಿತ್ತು. "ಆರಾಮ ಅದೀರೇನು? ಗಡಿಬಿಡಿ ಬ್ಯಾಡ, ಸಾವಕಾಶ ಬರ್ರಿ," ಎಂದು ಒಳಗಿನ ಕೂಸನ್ನು ಬೀಗರನ್ನು ಮಾತಾಡಿಸಿದ ಹಾಗೆ ಮಾತಾಡಿಸುವರು. ಆಕೆಗೆ ಸ್ವಂತ ಮಕ್ಕಳಿರಲಿಲ್ಲ.

ನನಗೂ ಇರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷ, ದಿನವೂ ಸಾಲಿಯಲ್ಲಿ ಮಂದಿ ಮಕ್ಕಳಿಗೆ ಅಕ್ಷರ ತಿದ್ದಿಸಿ ಖಾಲಿ ಮನೆಗೆ ಬರುವುದು. ಕಡೆಗೆ ಪುಣೆಯ ಒಂದು ಆಸ್ಪತ್ರೆಯಲ್ಲಿ ಪ್ರನಾಳ ಶಿಶುವಿಗೆ ಪ್ರಯತ್ನಿಸೋಣ ಎಂದು ನಾವಿಬ್ಬರೂ ನಿಶ್ಚಯಿಸಿದೆವು. ಸುದ್ದಿ ಹೇಗೋ ಪಾಸ್ಟರ್ ಕಿವಿಗೆ ಬಿತ್ತು. ಮುಂದಿನ ಭಾನುವಾರ, ಗಾಜಿನಲ್ಲಿ ಕೂಸು ಮಾಡುವುದು ದೇವರ ಕೆಲಸಕ್ಕೆ ಕೈ ಹಾಕಿದಂತೆ ಎಂದು ಚರ್ಚಿನ ಪ್ರವಚನದಲ್ಲೇ ಅಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಪ್ರಾರ್ಥನೆ ಮುಗಿಯುವ ಮೊದಲೇ ಎದ್ದು ನೆಟ್ಟಗೆ ಎಸ್ತೇರಬಾಯಿಯ ಮನೆಯ ಕಟ್ಟೆಗೆ ಬಂದು ಕುಳಿತೆ.

"ಔಷಧ ಮಾಡೂದು ದೇವರಿಗೆ ಬ್ಯಾಡಾಗಿದ್ರ ನನ್ನ ಕೈಯಾಗ ಸೂಜಿ ಯಾಕ ಕೊಡ್ತಿದ್ದ? ಹೋಗಿ ಬಾ," ಎಂದರು ಆಕೆ. ಆಮೇಲೆ ನನ್ನ ಪಕ್ಕ ಕುಳಿತು ಹೇಳಿದರು: "ಖರೆ, ಒಂದ ಮಾತು. ಎಷ್ಟ ಮಂದಿಗೆ ನಿನ್ನ ಹೊಟ್ಯಾಗ ಜಾಗಾ ಐತಿ, ಅಷ್ಟೇ ಮಂದಿನ್ನ ಕರಿ. ಡಾಕ್ಟರಿಗೆ ಮೊದಲಽ ಹೇಳು. ಬೀಜ ಕೂಡಿದ ಗಳಿಗಿಂದ ಅದು ಜೀವ, ತಂಗಿ."

ನಾನು ಹೂಂ ಎಂದೆ. ಪುಣೆಯಲ್ಲಿ ಡಾಕ್ಟರು, "ಎರಡೇ ಭ್ರೂಣ ಮಾಡಿದರೆ, ಅವು ನಿಲ್ಲದಿದ್ದರೆ ಎಲ್ಲ ಮೊದಲಿಂದ ಶುರು. ಐದು ಮಾಡೋಣ, ಎರಡು ಒಳಗಿಟ್ಟು ಮೂರು ಶೀತದಲ್ಲಿ ಕಾಯ್ದಿಡೋಣ," ಎಂದರು. ಒಂಬತ್ತು ವರ್ಷ ಕಾದವಳು ನಾನು. ಐದಕ್ಕೇ ಸಹಿ ಮಾಡಿದೆ.

ಒಳಗಿಟ್ಟ ಎರಡರಲ್ಲಿ ಒಂದು ನಿಂತಿತು. ಅದೇ ನಮ್ಮ ಕೃಪಾ. ಅವಳಿಗೆ ಎಣ್ಣೆ ಹಚ್ಚಿ ನೀರೆರೆಯಲು ಎಸ್ತೇರಬಾಯಿ ದಿನಾ ಮುಂಜಾನೆ ಬರುತ್ತಿದ್ದರು. ಮೊದಲ ದಿನವೇ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಕೇಳಿದರು: "ಎಷ್ಟ ಮಂದಿನ್ನ ಕರದಿದ್ದಿ?"

"ಇಬ್ಬರನ್ನ," ಎಂದೆ. ಸುಳ್ಳು ಸಲೀಸಾಗಿ ಬಾಯಿಂದ ಉದುರಿತು.

ಅಂದಿನಿಂದ ಆಕೆ ಎರೆಯುವಾಗ ಮಾಡುವ ಪ್ರಾರ್ಥನೆಯಲ್ಲಿ ನಿಲ್ಲದೆ ಹೋದ ಆ ಒಬ್ಬರನ್ನೂ ನೆನೆಯತೊಡಗಿದರು. ನಾನು ಬಚ್ಚಲ ಬಾಗಿಲಲ್ಲಿ ಟವೆಲು ಹಿಡಿದು ನಿಂತು, ಉಳಿದ ಮೂವರನ್ನು ನೆನೆಯುವವರು ಯಾರೂ ಇಲ್ಲವಲ್ಲ ಎಂದುಕೊಳ್ಳುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಕೃಪಾ ಸಾಲಿಗೆ ಸೇರಿದ ವರ್ಷ ಪುಣೆಯಿಂದ ಕಾಗದ ಬಂತು. ಉಳಿದ ಮೂರನ್ನು ಏನು ಮಾಡಬೇಕು? ಒಳಗಿಡಿಸಿಕೊಳ್ಳುತ್ತೀರೋ, ವಿಸರ್ಜಿಸುವುದೋ, ಸಂಶೋಧನೆಗೆ ಕೊಡುತ್ತೀರೋ? ನಮ್ಮ ಮನೆಯವರು ಸಾವಕಾಶವಾಗಿ ಓದಿ, "ಸಂಶೋಧನೆಗೆ ಕೊಡೂಣು. ಯಾರದೋ ರೋಗಕ್ಕ ಔಷಧ ಸಿಕ್ಕೀತು. ಸತ್ತ ಮ್ಯಾಲ ಕಣ್ಣ ಕೊಡೂದಿಲ್ಲೇನು? ಅದೂ ಪ್ರೀತೀನಽ," ಎಂದರು. ಅವರು ಕಲ್ಲೆದೆಯ ಮನುಷ್ಯರಲ್ಲ, ಮನಸಾರೆ ಹೇಳಿದ್ದರು. ನನಗೆ ಪೆನ್ನು ಎತ್ತಲು ಆಗಲಿಲ್ಲ.

ಕಾಗದ ಹಿಡಿದು ಹೋದಾಗ ಎಸ್ತೇರಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕಾಗದ ಮುಂದಿಟ್ಟು ಎಲ್ಲವನ್ನೂ ಹೇಳಿ ಅತ್ತೆ. ಆಕೆ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಐದ ವರ್ಷ," ಎಂದರು. "ಐದ ವರ್ಷ ಥಂಡ್ಯಾಗ ನಿಂತಾರ."

ಮನೆಯವರು ಹೇಳಿದ ಕಣ್ಣಿನ ಮಾತು ಹೇಳಿದೆ.

"ಅಂವಾ ಒಳ್ಳೆ ಮನಿಷ್ಯಾ. ಆದರ ಕಣ್ಣ ಕೊಡಾವ ತಾನ ಒಪ್ಪಿ ಕೊಡ್ತಾನ, ರೂತಿ. ಇವರನ್ನ ಯಾರ ಕೇಳ್ಯಾರ?"

"ನನಗ ನಲವತ್ತೆರಡು, ಎಸ್ತೇರವ್ವ! ಮೂರೂ ಮಂದಿ ಬಂದ್ರ ಏನ್ ಮಾಡ್ಲಿ?"

"ನಾ ಇಲ್ಲೇನು, ಎರಿಯಾಕ?"

ಮನೆಯವರು ಬೇಡ ಎನ್ನಲಿಲ್ಲ. ಆದರೆ ಪುಣೆಗೆ ನನ್ನ ಸಂಗಡ ಬಂದವರು ಎಸ್ತೇರಬಾಯಿ. ಇಂಡಿ ಮೇಲೆ ಹೋಗುವ ಬಸ್ಸು ಹಿಡಿದು ಸೊಲ್ಲಾಪುರ, ಅಲ್ಲಿಂದ ರೈಲು. ದಾರಿಯುದ್ದಕ್ಕೂ ರೊಟ್ಟಿ ಶೇಂಗಾ ಚಟ್ನಿ ತಿನ್ನಿಸಿದರು. ಮೂರನ್ನೂ ಒಳಗಿಟ್ಟರು. ಹದಿನಾಲ್ಕು ದಿನ ನಾನು ಜೋರಾಗಿ ಕೆಮ್ಮಲೂ ಹೆದರಿದೆ. ಆಕೆ ದಿನಾ ಸಂಜೆ ಬಂದು ಹೊಟ್ಟೆಯ ಮೇಲೆ ಕೈಯಿಟ್ಟು, "ಬಂದ್ರೇನ್ರಿ? ದಣದೀರಿ, ಕುಂದರ್ರಿ," ಎನ್ನುತ್ತಿದ್ದರು.

ಯಾರೂ ಉಳಿಯಲಿಲ್ಲ.

"ನಿಮ್ಮ ಮಾತ ಕೇಳಿ ಹೋದ್ನಿ, ಏನ್ ಬಂತು?" ಎಂದು ಹರಿಹಾಯ್ದೆ. ಆಡಬಾರದ ಮಾತು ಇನ್ನೂ ಆಡಿದೆ. ಎಲ್ಲ ಕೇಳಿಸಿಕೊಂಡು ಆಕೆ, "ನೀ ತಾಟ ಹಾಕಿದಿ. ಉಣ್ಣೂದು ಬಿಡೂದು ಅವರ ಮರ್ಜಿ," ಎಂದರು. ಹಾಗೆಂದವರು ಸೆರಗು ಬಾಯಿಗೊತ್ತಿ ನನಗಿಂತ ಜೋರಾಗಿ ಅತ್ತರು. ಆಕೆಯ ಅಳು ನಾನು ಕಂಡದ್ದು ಅದೊಂದೇ ಸಲ. ಸಂಶೋಧನೆಗೆ ಕೊಡುವವರನ್ನು ನಾನು ಇಂದಿಗೂ ಕೆಟ್ಟವರೆನ್ನಲಾರೆ. ನನ್ನ ಕೈಯಲ್ಲಿ ಆಗಲಿಲ್ಲ, ಅಷ್ಟೇ.

ವಯಸ್ಸಾದ ಮೇಲೆ ಆಕೆಯನ್ನು ಅಕ್ಕನ ಮಗಳು ಬಸವನ ಬಾಗೇವಾಡಿಗೆ ಕರೆದುಕೊಂಡು ಹೋದಳು. ನೆನಪು ಒಂದೊಂದಾಗಿ ಅಳಿಸಿಹೋಗುತ್ತಿತ್ತು. ತೀರಿಕೊಳ್ಳುವ ಎರಡು ತಿಂಗಳ ಮೊದಲು ಕೃಪಾಳನ್ನು ಕರೆದುಕೊಂಡು ಹೋಗಿದ್ದೆ. ಹೊರಸಿನ ಮೇಲೆ ಗುಬ್ಬಿಯಷ್ಟಾಗಿದ್ದರು. ನನ್ನ ಗುರುತು ಹತ್ತಲಿಲ್ಲ.

"ಊಟಕ್ಕ ಬಂದೀರಲಾ? ಎಷ್ಟ ಮಂದಿ? ತಾಟ ಹಾಕ್ಬೇಕು," ಎಂದು ಏಳಲು ಹವಣಿಸಿದರು.

"ಇಬ್ಬರಽ, ಅಜ್ಜಿ," ಎಂದಳು ಕೃಪಾ.

"ಆರ ಮಂದಿ, ಎಸ್ತೇರವ್ವ," ಎಂದೆ ನಾನು. "ನಾನು, ನನ್ನ ಮಕ್ಕಳು ಐದೂ ಮಂದಿ."

ಕೃಪಾ ನನ್ನ ಮುಖ ನೋಡಿದಳು. ಅವಳಿಗೆ ಇನ್ನೂ ಏನೂ ಹೇಳಿರಲಿಲ್ಲ. ಎಸ್ತೇರಬಾಯಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಬಾಗಿಲ ಕಡೆ ಕತ್ತು ಚಾಚಿದರು.

"ಹೊರಗ ಯಾರೂ ನಿಂತಿಲ್ಲಲಾ?"

"ಯಾರೂ ಇಲ್ರಿ," ಎಂದೆ. "ಎಲ್ಲಾರೂ ಒಳಗ ಬಂದಾರ."